ಎಣ್ಣೆಗೆ ನೀರು ಬಂದದ್ದೆಲ್ಲಿಂದ

ಫೋಟೋ ಬಂದಾಗ ನಾನು ಊಟಕ್ಕೆ ಕೂತಿದ್ದೆ. ಕಳಿಸಿದವನು ನನ್ನ ಹೆಂಡತಿಯ ತಮ್ಮ. ಬಿಳಿ ಬಟ್ಟೆಯ ಮೇಲೆ ಬೋಟ್ ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ, ಅದರ ತುದಿಗೆ ಹಾಲು ಜಾಸ್ತಿಯಾದ ಚಹಾದ ಬಣ್ಣ. ಕೆಳಗೆ ಒಂದೇ ಸಾಲು: ‘ಮಾಮಾ, ಮತ್ತ ಹಂಗೇ ಆಗ್ಯದ.’ ಮೂರನೆಯ ಸಲ! ಎರಡೇ ತಿಂಗಳಲ್ಲಿ ಮೂರು ಸಲ ಹೊಸ ಎಣ್ಣೆ ಹಾಕಿದ್ದೆ, ಮೂರು ಸಲವೂ ಅದು ಕೆಟ್ಟು ಕೂತಿತ್ತು. “ಇವನ ಎಂಜಿನ್ನಿಗಿಷ್ಟು ಬೆಂಕಿ ಹಾಕ!” ಎಂದು ತಾಟು ಸರಿಸಿದೆ. “ಉಣ್ಣೂ ಮುಂದ ಅಂಥಾ ಮಾತ್ಯಾಕ್ರಿ? ಮದಲ ಉಣ್ರಿ” ಎಂದಳು ಹೆಂಡತಿ. ಎಲ್ಲಿಯ ಊಟ? ನನಗೆ ಆಗಲೇ ತಲೆ ಕೆಟ್ಟಿತ್ತು.

ನಾನು ಬೀದರ ಜಿಲ್ಲೆಯವನು. ನಾಸಿಕದ ಪಕ್ಕ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತನಾದವನು. ಅಂಥವನಿಗೆ ಒಂದು ಕೊಡದಷ್ಟು ಗಾತ್ರದ ಚಿಕ್ಕ ಎಂಜಿನ್ನು, ಬೋಟಿನ ಹಿಂಭಾಗಕ್ಕೆ ಎರಡು ತಿರುಪಿನಲ್ಲಿ ತೂಗುಹಾಕುವ ಎಂಜಿನ್ನು, ಎರಡು ತಿಂಗಳು ಬೆವರಿಳಿಸಿತು ನೋಡಿ. ಯಾರಿಗಾದರೂ ಹೇಳಿಕೊಂಡರೆ ಮಾನ ಹೋಗುವ ಸಂಗತಿ.

ಭಾವಮೈದನದು ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ. ಅಂಗಡಿಯ ಗೋಳು ಸಾಲದೆಂದು ಆರು ವರ್ಷದ ಹಿಂದೆ ಬೋಟ್ ಕೊಂಡ. ಊರಿನಿಂದ ಒಂದು ಗಂಟೆಯ ದಾರಿಗೆ ಗೋದಾವರಿಯ ದೊಡ್ಡ ಜಲಾಶಯವಿದೆ, ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವೆ, ಅವುಗಳ ಹಿಂದೆ ಕ್ಯಾಮೆರಾ ಹಿಡಿದ ಜನ ಬರುತ್ತಾರೆ. ಅವರನ್ನು ನೀರಿನ ಮೇಲೆ ಸುತ್ತಾಡಿಸುವುದು ಇವನ ಎರಡನೆಯ ದಂಧೆ. ಇವನಿಗೆ ಈಜು ಬರುವುದಿಲ್ಲ, ಎಂಜಿನ್ನಿನ ತಲೆಬುಡ ತಿಳಿಯುವುದಿಲ್ಲ. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅಲ್ಲಿಯ ಒಬ್ಬ ಅಂಬಿಗ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವನ ಅಪ್ಪನ ಹೊಲ ಅದೇ ಜಲಾಶಯದ ತಳದಲ್ಲಿ ಹೋಗಿದೆ, ಬಲೆಯಿಂದ ಹೊಟ್ಟೆ ತುಂಬುವ ಕಾಲವೂ ಹೋಗಿದೆ. ಹಕ್ಕಿ ಬರುವ ನಾಲ್ಕು ತಿಂಗಳ ಬೋಟ್ ಕೆಲಸದಿಂದಲೇ ಅವನ ಮನೆ ನಡೆಯುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕೆಲಸಕ್ಕೆ ಸಂಚಕಾರ ತಂದವನು ನಾನೇ.

ಮಳೆಗಾಲ ಮುಗಿದ ಮೇಲೆ ಬೋಟ್ ನೀರಿಗಿಳಿಸುವ ಮುಂಚೆ ಎಂಜಿನ್ನಿನ ಉಸ್ತುವಾರಿ ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ. ನಿವೃತ್ತನಾದವನ ಕೈಗೆ ತುರಿಕೆ, ಅಷ್ಟೇ. ದಂಡೆಯ ಅಂಗಡಿಯ ಎಣ್ಣೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಾಸಿಕದಲ್ಲಿ ಗೊತ್ತಿರುವ ಅಂಗಡಿಯಿಂದ ಇಪ್ಪತ್ತು ಲೀಟರಿನ ಬಕೆಟ್ ತರಿಸಿ ನಮ್ಮ ಬಾಲ್ಕನಿಯಲ್ಲಿಟ್ಟೆ. ಅದರಿಂದ ಐದು ಲೀಟರಿನ ಕ್ಯಾನಿಗೆ ಬಗ್ಗಿಸಿಕೊಂಡು, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ಯೇವಲಾದಲ್ಲಿ ಚಹಾ ಕುಡಿದು ಸಂಭಾಜಿನಗರಕ್ಕೆ ಹೋಗುವುದು. ಹೆಂಡತಿ ಜೊತೆಗಿದ್ದರೆ ಆ ಚಹಾ ಒಂದೂವರೆ ತಾಸಿನದು, ಯಾಕೆಂದರೆ ಯೇವಲಾದಲ್ಲಿ ಪೈಠಣಿ ಸೀರೆ ನೋಡದೆ ಆಕೆಯ ಕಾಲು ಮುಂದೆ ಹೋಗುವುದಿಲ್ಲ. ಕೊಳ್ಳುವುದಿಲ್ಲ, ಬರೀ ನೋಡುವುದು.

ಮೊದಲ ಸಲ ಎಣ್ಣೆ ಬದಲಿಸಿ ಬಂದ ಹತ್ತು ದಿನಕ್ಕೆ ಫೋನ್ ಬಂತು, ಎಣ್ಣೆ ಬೆಳ್ಳಗಾಗಿದೆ ಎಂದು. ಎಣ್ಣೆ ಬೆಳ್ಳಗಾದರೆ ಒಳಗೆ ನೀರು ಸೇರಿದೆ ಎಂದರ್ಥ, ಇದು ಸೈಕಲ್ ರಿಪೇರಿಯವನಿಗೂ ಗೊತ್ತು. ಪ್ರಶ್ನೆ ಒಂದೇ: ನೀರು ಎಲ್ಲಿಂದ? ಈ ಎಂಜಿನ್ನು ಜಲಾಶಯದ ನೀರನ್ನೇ ಹೀರಿ ತನ್ನ ಮೈ ತಣ್ಣಗಿಟ್ಟುಕೊಳ್ಳುತ್ತದೆ. ಮೈ ಬಿಸಿಯಾಗುವವರೆಗೆ ನೀರನ್ನು ತಡೆಯುವ ಒಂದು ಸಣ್ಣ ಬಾಗಿಲಿರುತ್ತದೆ. ಆ ಬಾಗಿಲು ಮುಚ್ಚದೆ ಹೋದರೆ ಎಂಜಿನ್ನು ಬಿಸಿಯೇ ಆಗುವುದಿಲ್ಲ, ಒಳಗೆ ಬೆವರಿ ಬೆವರಿ ಎಣ್ಣೆ ಕೆಡುತ್ತದೆ. ಇದೇ ಇರಬೇಕೆಂದು ಮೀಸೆ ತಿರುವಿಕೊಂಡು ಹೋದೆ. ಬಾಗಿಲು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಹಾಕಿ ನೋಡಿದೆ. ಹಾಳಾದದ್ದು ಸರಿಯಾಗಿಯೇ ತೆರೆದು ಸರಿಯಾಗಿಯೇ ಮುಚ್ಚಿತು. ಆದರೂ ಹೊಸದು ಹಾಕಿದೆ, ಸುಮ್ಮನೆ ಬಂದೆ ಎನ್ನಿಸಿಕೊಳ್ಳಬಾರದಲ್ಲ.

ಅವತ್ತು ಹೊಸ ಎಣ್ಣೆ ಹಾಕುವಾಗ ಅಂಬಿಗ ಲಾಳಿಕೆ ಹಿಡಿದು ನಿಂತಿದ್ದ. ಬಗ್ಗಿ ನೋಡಿ ಏನೋ ಹೇಳಿದ. ಅವನದು ಮರಾಠಿ, ನಮ್ಮ ಮಾತಿನಲ್ಲೇ ಬರೆಯುತ್ತೇನೆ: “ಸಾಹೇಬ್, ಎಣ್ಣಿ ಸ್ವಲ್ಪ ಮಬ್ಬ ಕಾಣಸ್ತದಲ್ಲ?” ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತನಾಲ್ಕು ವರ್ಷ ಎಣ್ಣೆಯಲ್ಲೇ ಕೈ ಅದ್ದಿದವನಿಗೆ ಇವನು ಎಣ್ಣೆ ತೋರಿಸುತ್ತಾನೆ! “ನಿನ್ನ ಕೆಲಸ ಹುಟ್ಟು ಹಾಕೋದು, ನನ್ನ ಕೆಲಸ ನಂಗ ಬಿಡು” ಎಂದೆ. ಅವನು ಮತ್ತೆ ಲಾಳಿಕೆಯನ್ನು ನೆಟ್ಟಗೆ ಹಿಡಿದ. ನನ್ನ ಕಣ್ಣಿಗೂ ಪೊರೆ ಬಂದಿದೆ, ಡಾಕ್ಟರು ಆಪರೇಶನ್ ಎನ್ನುತ್ತಿದ್ದಾರೆ, ನಾನು ನಾಳೆ ನಾಳೆ ಎನ್ನುತ್ತಿದ್ದೇನೆ. ಅದನ್ನು ಅವನಿಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಹನ್ನೆರಡು ದಿನಕ್ಕೆ ಮತ್ತೆ ಬೆಳ್ಳಗೆ. ಈ ಸಲ ಎಂಜಿನ್ನಿನ ತಲೆಯನ್ನೇ ಬಿಚ್ಚುವುದೆಂದು ತೀರ್ಮಾನಿಸಿದೆ. ತಲೆಗೂ ಮೈಗೂ ನಡುವಿನ ತೆಳ್ಳನೆಯ ಹಾಳೆ ಹರಿದಿದ್ದರೆ ನೀರು ಅಲ್ಲಿಂದ ಎಣ್ಣೆಗೆ ನುಗ್ಗಬಹುದು. ಬಿಚ್ಚುವ ಮುಂಚೆ ಎರಡೂ ಸಿಲಿಂಡರಿನ ಒತ್ತಡ ಅಳೆದೆ, ಎರಡೂ ಗಟ್ಟಿಯಾಗಿದ್ದವು. ಅಲ್ಲಿಗೇ ಕೈ ಮುಗಿಯಬೇಕಿತ್ತು. ಆದರೆ ಹಟ ನೋಡಿ. ಭಾವಮೈದ ಪಕ್ಕದಲ್ಲಿ ನಿಂತು, “ಮಾಮಾ, ಪ್ರೆಶರ್ ಛಲೋ ಅದಂತೀರಿ, ಮತ್ತ ಯಾಕ ಬಿಚ್ಚಲತ್ತೀರಿ?” ಎಂದ. “ನೀ ಸೀರಿ ಮಾರೋಂವ, ಸುಮ್ನಿರು” ಎಂದೆ. ಬಿಚ್ಚಿದೆ. ಹಾಳೆ ಹೊಸ ಮದುಮಗನಂತೆ ಲಕ್ಷಣವಾಗಿತ್ತು. ಅದನ್ನೂ ಬದಲಿಸಿ, ಬಾಲ್ಕನಿಯ ಬಕೆಟ್ಟಿನಿಂದ ಮತ್ತೆ ತುಂಬಿಸಿ ತಂದ ಕ್ಯಾನಿನಿಂದ ಎಣ್ಣೆ ಹಾಕಿ, ಸೊಂಟ ಹಿಡಿದುಕೊಂಡು ಓಝರ್‌ಗೆ ಮರಳಿದೆ. ಇನ್ನೂರು ಕಿಲೋಮೀಟರಿನ ಆ ರಸ್ತೆಯ ಗುಂಡಿಗಳಿಗೆ ನನ್ನ ಬೆನ್ನೆಲುಬು ಒಂದೊಂದಾಗಿ ಪರಿಚಯವಾಗಿತ್ತು.

ಊಟದ ಹೊತ್ತಿಗೆ ಬಂದ ಫೋಟೋ ಅದಾದ ಮೇಲಿನದು. ಮರುದಿನವೇ ಕಾರು ತೆಗೆದೆ. ದಾರಿಯುದ್ದಕ್ಕೂ ಯೋಚನೆ. ಬಾಗಿಲು ಸರಿ, ಹಾಳೆ ಸರಿ, ಒತ್ತಡ ಸರಿ. ಎಂಜಿನ್ನಿನ ಒಳಗಿನಿಂದ ನೀರು ಬರುವ ದಾರಿಗಳೆಲ್ಲ ಮುಚ್ಚಿವೆ. ಹಾಗಾದರೆ ಹೊರಗಿನಿಂದ ಯಾರೋ ಹಾಕುತ್ತಿದ್ದಾರೆ! ಇಷ್ಟು ಹೊಳೆದದ್ದೇ ತಡ, ವೈಜಾಪುರ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ಇಡೀ ಪ್ರಕರಣ ಇತ್ಯರ್ಥವಾಯಿತು. ಅಂಬಿಗ ಒಳ್ಳೆಯ ಎಣ್ಣೆಯನ್ನು ಬಸಿದು ಮಾರಿಕೊಳ್ಳುತ್ತಾನೆ, ಮಟ್ಟ ಸರಿಯಾಗಿ ಕಾಣಲೆಂದು ನೀರು ಬೆರೆಸುತ್ತಾನೆ. ಬೇರೆ ಯಾರಿದ್ದಾರೆ ಅಲ್ಲಿ? ಎಂಜಿನ್ನಿಗೆ ಕೈ ಹಚ್ಚುವವನು ಅವನೊಬ್ಬನೇ.

ದಂಡೆಯಲ್ಲಿ ಭಾನುವಾರದ ಜನ. ಕ್ಯಾಮೆರಾದವರು, ಚಹಾ ಅಂಗಡಿಯವನು, ಇನ್ನಿಬ್ಬರು ಬೋಟಿನವರು, ಬಲೆ ಬಿಡಿಸುತ್ತಿದ್ದ ಹೆಂಗಸರು. ಕಾರಿನಿಂದ ಇಳಿದವನೇ, ಯಾರಿದ್ದಾರೆ ಯಾರಿಲ್ಲ ನೋಡದೆ ಕೇಳಿದೆ: “ಎಣ್ಣಿ ಯಾರಿಗ ಮಾರಲತ್ತಿ?” ಅಂಬಿಗ ತಿಳಿಯದವನಂತೆ ನನ್ನನ್ನೇ ನೋಡಿದ. ಮತ್ತೂ ಗಟ್ಟಿಯಾಗಿ, ಮರಾಠಿಯಲ್ಲಿ, ಹಿಂದಿಯಲ್ಲಿ, ಸಿಟ್ಟಿಗೆ ಬಾಯಿಗೆ ಬಂದ ಭಾಷೆಯಲ್ಲೆಲ್ಲ ಹೇಳಿದೆ. ಕಳ್ಳ ಎಂಬ ಪದವನ್ನೂ ಬಳಸಿದೆ. ಬಲೆಯ ಹೆಂಗಸರ ಕೈ ನಿಂತುಹೋಯಿತು.

ಭಾವಮೈದ ಓಡಿ ಬಂದು ನನ್ನ ತೋಳು ಹಿಡಿದ. “ಮಾಮಾ, ಆರು ವರ್ಸ ಆಯ್ತು, ಒಂದ್ ಸ್ಕ್ರೂ ಸುದ್ದಾ ಕಳದಿಲ್ಲ ಈತ. ಏನ್ ಮಾತಾಡ್ಲತ್ತೀರಿ ನೀವು?” ನಾನು, “ಹಂಗಿದ್ರ ನೀನೇ ಹೇಳು, ನೀರು ಆಕಾಶದಿಂದ ಬೀಳ್ತದೇನು? ಇವ ಇರ್ಬೇಕು, ಇಲ್ಲಾ ನಾ ಇರ್ಬೇಕು” ಎಂದೆ. ಬಾಯಿಂದ ಬಿದ್ದ ಮಾತು. ಅಕ್ಕನ ಗಂಡನಿಗೆ ಎದುರಾಡುವ ಪದ್ಧತಿ ನಮ್ಮವರಲ್ಲಿಲ್ಲ, ಅವನು ತಲೆ ತಗ್ಗಿಸಿದ. ಅಂಬಿಗ ಅವನ ಮುಖ ನೋಡಿದ. ಎಂಜಿನ್ನಿನ ಕೀಲಿಯನ್ನು ಬೋಟಿನ ಹಲಗೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಊರಿನ ಕಡೆ ನಡೆದುಹೋದ. ನನಗೆ ಆ ಗಳಿಗೆಯಲ್ಲಿ ಗೆದ್ದ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಕೆಟ್ಟ ಎಣ್ಣೆಯಲ್ಲಿ ಸ್ವಲ್ಪವನ್ನು ಒಂದು ಶುದ್ಧವಾದ ಸೀಸೆಗೆ ಹಿಡಿದು, ಚೀಟಿ ಅಂಟಿಸಿ, ಕ್ಯಾನಿನ ಜೊತೆ ಮನೆಗೆ ತಂದೆ. ಕಾರ್ಖಾನೆಯ ಅಭ್ಯಾಸ, ಆರೋಪ ಮಾಡಿದ ಮೇಲೆ ಸಾಕ್ಷಿ ಇಡಬೇಕು. ಎಣ್ಣೆಯಲ್ಲಿ ನೀರಿದೆಯೋ ಇಲ್ಲವೋ ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ, ಕಾದ ಹಂಚಿನ ಮೇಲೆ ಒಂದು ಹನಿ ಬಿಟ್ಟರೆ ಸಾಕು. ನೀರಿದ್ದರೆ ಒಗ್ಗರಣೆಯ ಹಾಗೆ ಚಟಪಟ ಎನ್ನುತ್ತದೆ, ಇಲ್ಲದಿದ್ದರೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ. ಎರಡು ದಿನ ಬಿಟ್ಟು, ಒಂದು ಮಧ್ಯಾಹ್ನ ಹೆಂಡತಿ ಪಡಸಾಲೆಯಲ್ಲಿ ಟೀವಿ ಮುಂದೆ ಕೂತಿದ್ದಳು. ನಾನು ಅಡಿಗೆಮನೆಗೆ ಹೋಗಿ ಹಂಚು ಒಲೆಗಿಟ್ಟೆ.

ಸೀಸೆಯ ಎಣ್ಣೆ ಒಂದು ಹನಿ. ಚಟಪಟ. ಸರಿ, ಗೊತ್ತಿದ್ದದ್ದೇ. ಇನ್ನು ತುಲನೆಗೆ ಒಳ್ಳೆಯ ಎಣ್ಣೆ ಬೇಕಲ್ಲ? ಕ್ಯಾನಿನಿಂದ ಒಂದು ಹನಿ ಬಿಟ್ಟೆ.

ಚಟಪಟ.

ಹಂಚು ಒದ್ದೆ ಇದ್ದಿರಬೇಕು ಎಂದುಕೊಂಡೆ. ಒರೆಸಿ, ಮತ್ತೆ ಕಾಯಿಸಿ, ಮತ್ತೊಂದು ಹನಿ. ಮತ್ತೆ ಚಟಪಟ, ಈ ಸಲ ನನ್ನ ಕೈಗೂ ಸಿಡಿಯಿತು. ಬಾಲ್ಕನಿಗೆ ಹೋಗಿ ಬಕೆಟ್ಟಿನಿಂದ ನೇರವಾಗಿ ಚಮಚದಲ್ಲಿ ತಂದು ಬಿಟ್ಟೆ. ಸದ್ದಿಲ್ಲ. ಹರಡಿತು, ಹೊಗೆಯಾಡಿತು, ಅಷ್ಟೇ. ಹೊಗೆಯ ವಾಸನೆಗೆ ಹೆಂಡತಿ ಎದ್ದು ಬಂದಳು.

“ಅಯ್ಯ ಶಿವನೆ! ನನ್ನ ರೊಟ್ಟಿ ಹಂಚು! ಏನ್ ಮಾಡ್ಲತ್ತೀರ್ರಿ ಇದು? ನಾಳಿಗೆ ಇದರ ಮ್ಯಾಲೆ ನಿಮಗೇ ರೊಟ್ಟಿ ಬಡದು ಹಾಕ್ತೀನಿ, ತಿನ್ರಿ!”

“ರೊಟ್ಟಿ ಇರ್ಲಿ. ಈ ಕ್ಯಾನಿನೊಳಗ ನೀರು ಹ್ಯಾಂಗ ಬಂತು?”

ಆಕೆ ಕ್ಯಾನ್ ತಿರುಗಿಸಿ ನೋಡಿದಳು. ಆಕೆಯ ಮುಖ ಬೇರೆಯಾಯಿತು. “ಇದೆಲ್ಲಿಂದ ತಗೊಂಡ್ರಿ?” ಅಟ್ಟದ ಮೇಲಿನಿಂದ ಎಂದೆ. “ಅದು ತ್ರ್ಯಂಬಕದ ತೀರ್ಥದ ಕ್ಯಾನ್ರೀ! ಹೋದ ಶ್ರಾವಣದಾಗ ಊರಿಗಿ ಒಯ್ದಿದ್ದಿಲ್ಲಾ? ಉಳಿದದ್ದು ಅದರಾಗೇ ಇಟ್ಟಿದ್ದೆ. ನನಗೊಂದ್ ಮಾತು ಕೇಳಬಾರದೇನ್ರಿ?”

ಇದನ್ನು ನಮ್ಮವರಲ್ಲದವರಿಗೆ ಬಿಡಿಸಿ ಹೇಳಬೇಕು. ಬೀದರದ ಕಡೆಯ ನಮ್ಮ ಬಳಗಕ್ಕೆಲ್ಲ ನಾವು ನಾಸಿಕದಲ್ಲಿರುವುದೇ ಗೋದಾವರಿ ಹುಟ್ಟುವ ತ್ರ್ಯಂಬಕೇಶ್ವರದ ತೀರ್ಥ ತರಲಿಕ್ಕೆ. ಊರಿಗೆ ಹೋಗುವಾಗೆಲ್ಲ ಬಟ್ಟೆಗಿಂತ ಕ್ಯಾನುಗಳೇ ಹೆಚ್ಚು. ಹಂಚಿ ಉಳಿದ ತೀರ್ಥವನ್ನು ಮೋರಿಗೆ ಚೆಲ್ಲುವಂತಿಲ್ಲ. ಓಝರ್‌ನ ಫ್ಲಾಟಿನಲ್ಲಿ ಅದನ್ನು ಬುಡಕ್ಕೆ ಹಾಕಲು ಬಿಲ್ವದ ಗಿಡವೆಲ್ಲಿ? ಹೀಗಾಗಿ ಆಕೆ ಮುಚ್ಚಳ ಬಿಗಿ ಮಾಡಿ ಅಟ್ಟಕ್ಕೇರಿಸಿ ಬಿಡುತ್ತಾಳೆ. ನಾನೋ, ನೀಲಿ ಬಣ್ಣದ ದಪ್ಪ ಕ್ಯಾನು, ಒಳಗೇನಿದೆ ಕಾಣುವುದಿಲ್ಲ, ಹಗುರವಾಗಿದೆ ಎಂದು ಖಾಲಿಯೆಂದೇ ತಿಳಿದು ಎಣ್ಣೆ ತುಂಬಿಸಿದ್ದೆ. ಲೋಟ ಎರಡು ಲೋಟ ತೀರ್ಥ ತಳದಲ್ಲಿತ್ತು. ನೀರು ಎಣ್ಣೆಗಿಂತ ಭಾರ, ತಳಕ್ಕೇ ಕೂರುತ್ತದೆ. ಇನ್ನು ನನ್ನ ಶಿಸ್ತು ಕೇಳಿ: ಡಬ್ಬಿಯ ತಳದ ಎಣ್ಣೆಯಲ್ಲಿ ಕಸ ಇರುತ್ತದೆ, ಅದನ್ನು ಎಂಜಿನ್ನಿಗೆ ಹಾಕಬಾರದು ಎಂದು ಮೂವತ್ತನಾಲ್ಕು ವರ್ಷ ಪಾಲಿಸಿದವನು. ಪ್ರತಿ ಸಲವೂ ತಳದ್ದನ್ನು ಬಿಟ್ಟು, ಅದರ ಮೇಲೆಯೇ ಹೊಸ ಎಣ್ಣೆ ತುಂಬಿಸಿದೆ. ತೀರ್ಥ ಪೂರ್ತಿ ಖರ್ಚಾಗಲೇ ಇಲ್ಲ. ಇನ್ನೂರು ಕಿಲೋಮೀಟರಿನ ಗುಂಡಿಗಳು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ಎಣ್ಣೆಗೆ ಬೆರೆಸಿದವು, ನಾನು ಅದನ್ನು ಮೂರು ಸಲ ನನ್ನ ಕೈಯಾರೆ ಎಂಜಿನ್ನಿಗೆ ಸುರಿದೆ.

ಕ್ಯಾನಿನ ಪಕ್ಕಕ್ಕೆ ಬಿಳಿ ಪಟ್ಟಿ ಅಂಟಿಸಿ ಹೆಂಡತಿ ದಪ್ಪ ಅಕ್ಷರದಲ್ಲಿ ‘ತೀರ್ಥ’ ಎಂದು ಬರೆದಿದ್ದಳು, ಕನ್ನಡದಲ್ಲಿ. ಎಣ್ಣೆ ಹತ್ತಿ ಮಾಸಿತ್ತು, ಆದರೂ ಓದಬಹುದಿತ್ತು. ದಂಡೆಯಲ್ಲಿದ್ದ ಅಷ್ಟು ಜನರಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಒಬ್ಬನಿಗೆ ನಾನು ಸುಮ್ಮನಿರು ಎಂದಿದ್ದೆ, ಇನ್ನೊಬ್ಬ ನಾನು.

ನಾಚಿಕೆ ಎಂದರೆ ಎಂಥದ್ದು ಎಂದು ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಎಣ್ಣೆ ಮಬ್ಬಾಗಿದೆ ಎಂದು ಅವನು ನೆಟ್ಟಗೆ ಹೇಳಿದ್ದ. ಮನೆಯಲ್ಲಿ ಅವತ್ತು ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಭಾವಮೈದನಿಗೆ ಫೋನ್ ಮಾಡಿ ಹೇಳಿದೆ. ಅವನು, “ಅಂದ್ರ ಬೋಟಿನ ಹೊರಗೂ ಗೋದಾವರಿ, ಒಳಗೂ ಗೋದಾವರಿ” ಎಂದ. ನಾನು ನಗಲಿಲ್ಲ, ಅವನೂ ನಗಲಿಲ್ಲ. “ಆತ ಬರಲತ್ತಿಲ್ಲ, ಮಾಮಾ. ನಾ ಎರಡ್ ಸಲ ಮನಿಗಿ ಹೋಗಿ ಬಂದೆ. ಕಳ್ಳ ಅಂದಮ್ಯಾಲೆ ಆ ಬೋಟಿಗಿ ಕಾಲಿಡಲ್ಲ ಅಂತಾನ. ಬ್ಯಾರೇ ಬೋಟಿನವರೂ ಕರೀಲತ್ತಿಲ್ಲ, ಅವ್ರ ಮುಂದೇ ಅಂದೀರಲ್ಲ ನೀವು.”

ಮರುದಿನ ಅವನ ಮನೆಗೆ ಹೋದೆ. ಭಾವಮೈದ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ತಗಡಿನ ಮನೆ, ಮುಂದೆ ಕಟ್ಟೆ. ಅಂಬಿಗ ಕಟ್ಟೆಯ ಮೇಲೆ ಹಳೆಯ ಬಲೆ ಹೊಲಿಯುತ್ತಿದ್ದ. ಅವನ ಹೆಂಡತಿ ನನ್ನನ್ನು ನೋಡಿ ಒಳಗೆ ಹೋದಳು, ನೀರು ತರಲಿಲ್ಲ. ಆ ಕಡೆ ಮನೆಗೆ ಬಂದವನಿಗೆ ನೀರು ಕೊಡದಿರುವುದೆಂದರೆ ಸಣ್ಣ ಮಾತಲ್ಲ. ನಾನು ನಿಂತೇ ಎಲ್ಲ ಹೇಳಿದೆ. ಕ್ಯಾನು, ತೀರ್ಥ, ಹಂಚು, ಒಂದನ್ನೂ ಮುಚ್ಚಿಡಲಿಲ್ಲ. ಅವನು ಸೂಜಿ ನಿಲ್ಲಿಸದೆ ಕೇಳಿದ.

“ಸಾಹೇಬ್, ಇದು ಇಲ್ಲಿ ಯಾಕ ಹೇಳಲತ್ತೀರಿ?” ಎಂದ ಕೊನೆಗೆ. “ಇಲ್ಲಿ ಯಾರಿಗೂ ನಾ ಕಳ್ಳ ಅಲ್ಲ. ಎಲ್ಲಿ ಅಂದೀರೋ ಅಲ್ಲಿ ಹೇಳ್ರಿ.”

ನನಗೆ ಒಂದು ಗಳಿಗೆ ಸಿಟ್ಟೇ ಬಂತು. ಇಷ್ಟು ದೂರ ಬಂದು, ಈ ವಯಸ್ಸಿನಲ್ಲಿ ಕೈ ಜೋಡಿಸಿ ನಿಂತಿದ್ದೇನೆ, ಇನ್ನೂ ಏನು ಬೇಕು ಇವನಿಗೆ? ಕಾರಿಗೆ ಬಂದು ಕೂತ ಮೇಲೆ ಸಿಟ್ಟು ಇಳಿಯಿತು. ಅವನು ಕೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ.

ಭಾನುವಾರ ಬರುತ್ತೇನೆಂದು ಅಂಬಿಗನಿಗೆ ಭಾವಮೈದನಿಂದ ಹೇಳಿಕಳಿಸಿ, ಅವತ್ತು ಬೆಳಿಗ್ಗೆ ದಂಡೆಗೆ ಹೋದೆ. ಅಂಗಡಿಯಲ್ಲಿ ಸೀಲು ಒಡೆಯದ ಹೊಸ ಎಣ್ಣೆ ಬಾಟಲಿಗಳನ್ನು ಕೊಂಡು ತಂದಿದ್ದೆ. ಅದೇ ಚಹಾ ಅಂಗಡಿಯವನು, ಅದೇ ಬೋಟಿನವರು, ಅದೇ ಬಲೆಯ ಹೆಂಗಸರು. ಅಂಬಿಗ ದೂರದಲ್ಲಿ, ಒಂದು ಮುರುಕು ದೋಣಿಯ ಅಂಚಿನ ಮೇಲೆ ಕೂತಿದ್ದ. ಬಂದಿದ್ದನಲ್ಲ, ಅಷ್ಟೇ ನನ್ನ ಪುಣ್ಯ. ಬೈಯುವಾಗ ಮೂರು ಭಾಷೆ ಬಂದಿದ್ದವು, ಈಗ ಒಂದೂ ಬರಲೊಲ್ಲದು. ಚಹಾ ಅಂಗಡಿಯವನು ಒಲೆಯ ಸದ್ದು ಕಡಿಮೆ ಮಾಡಿದ. “ಚೂಕ್ ಮಾಝೀ ಹೋತೀ” ಎಂದೆ, ತಪ್ಪು ನನ್ನದಿತ್ತು ಎಂದು. ಆಮೇಲೆ ತಡವರಿಸುತ್ತ ತಡವರಿಸುತ್ತ, ನೀರು ನಾನೇ ತಂದದ್ದು, ನಾನೇ ಸುರಿದದ್ದು, ಇವನು ಎಚ್ಚರಿಸಿದಾಗ ಬಾಯಿ ಮುಚ್ಚಿಸಿದ್ದು, ಕಳ್ಳ ಎಂದ ಮಾತು ಸುಳ್ಳು, ಎಂದೆಲ್ಲ ಹೇಳಿದೆ. ಒಬ್ಬ ಹೆಂಗಸು ಪಕ್ಕದವಳಿಗೆ ಏನೋ ಹೇಳಿದಳು, ಕೇಳಿಸಲಿಲ್ಲ. ಕ್ಯಾಮೆರಾದವರಿಗೆ ಇದೇನು ನಡೆದಿದೆ ಎಂದೇ ತಿಳಿಯಲಿಲ್ಲ. ನನ್ನ ಅಂಗಿ ಬೆನ್ನಿಗಂಟಿತ್ತು.

ಅಂಬಿಗ ಎದ್ದು ಬಂದ. ನನ್ನ ಕಡೆ ನೋಡಲಿಲ್ಲ. ಬೋಟಿಗಿಳಿದು ಎಂಜಿನ್ನಿನ ಮುಚ್ಚಳ ತೆಗೆದ, ಕೆಟ್ಟ ಎಣ್ಣೆ ಬಸಿದ. ಒಳಗೆ ಉಳಿದ ಪಸೆ ಹೋಗಲೆಂದು ಒಂದು ಸಲ ಹೊಸ ಎಣ್ಣೆ ಹಾಕಿ, ಎಂಜಿನ್ನು ಓಡಿಸಿ ಬಿಸಿ ಮಾಡಿ, ಅದನ್ನೂ ಬಸಿದುಬಿಟ್ಟ. ನಾನು ಹೇಳಬೇಕೆಂದಿದ್ದ ಕ್ರಮ ಅದೇ, ಹೇಳುವ ಅವಕಾಶ ಸಿಗಲಿಲ್ಲ. ಆಮೇಲೆ ಇನ್ನೊಂದು ಬಾಟಲಿಗೆ ಕೈ ಚಾಚಿದ. ಕೊಟ್ಟೆ. ಸೀಲು ಒಡೆದು, ಅಂಗೈಗೆ ಒಂದಿಷ್ಟು ಸುರಿದುಕೊಂಡು, ಬಿಸಿಲಿಗೆ ಹಿಡಿದು ನೋಡಿದ. ಬೆರಳಿನಿಂದ ಉಜ್ಜಿ ನೋಡಿದ. ನಾನು ಅಭ್ಯಾಸಬಲದಿಂದ ಬಗ್ಗಿ ಲಾಳಿಕೆ ಹಿಡಿಯಲು ಹೋದೆ.

“ನಕೊ, ಬ್ಯಾಡ್ರಿ ಸಾಹೇಬ್” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಬೋಟ್ ನಾ ನಡಸ್ತೀನಿ. ಆದ್ರ ಇನ್ನ ಮ್ಯಾಲೆ ಈ ಎಂಜಿನ್ನಿಗಿ ನಿಮ್ಮ ಕೈ ಹತ್ತಬಾರದು.”

ಎಲ್ಲರೂ ನೋಡುತ್ತಿದ್ದರು. ಎಂಜಿನ್ನಿನಿಂದ ಕೈ ತೆಗೆ ಎಂದು ನನಗೆ ಇಡೀ ಆಯುಷ್ಯದಲ್ಲಿ ಯಾರೂ ಹೇಳಿರಲಿಲ್ಲ. ನಾನು ಕೈ ತೆಗೆದೆ.